ಮೊಣಕಾಲಿನ ವಿಮೆ, ಸಂಬಳದ ಮಿತಿ



ಆರ್.ಟಿ. ನಗರದ ಎಚ್‌ಎಂಟಿ ಮೈದಾನದಲ್ಲಿ ಒಂದು ಸಂಜೆ ಕಂಡದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಚೆಂಡಿನ ಬೆನ್ನು ಹತ್ತಿದ್ದ ಹುಡುಗನೊಬ್ಬ ಗಕ್ಕನೆ ತಿರುಗಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಪಾದ ನೆಲ ಕಚ್ಚಿತ್ತು, ಮೈ ತಿರುಗಿತ್ತು. ‘ಟಪ್’ ಎಂದದ್ದು ಗೆರೆಯಾಚೆ ನಿಂತಿದ್ದ ನನಗೂ ಕೇಳಿಸಿತು. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಿತ್ತು. ಆಪರೇಷನ್ ಮಾಡಿಸಿಕೊಂಡು ಮತ್ತೆ ಆಡಲು ಹೆಚ್ಚುಕಡಿಮೆ ಒಂಬತ್ತು ತಿಂಗಳು, ಅಂದರೆ ಪೂರಾ ಒಂದು ಸೀಸನ್.

ಇದೇ ಪೆಟ್ಟು ವೃತ್ತಿಪರ ತಂಡದಲ್ಲಿ ಬಿದ್ದರೆ? ಇಂಡಿಯನ್ ಸೂಪರ್ ಲೀಗ್‌ನಲ್ಲಿ ಹಲವು ವರ್ಷ ಒಂದು ತಂಡದ ಸಂಬಳಕ್ಕೆ 16.5 ಕೋಟಿ ರೂಪಾಯಿಯ ಮಿತಿ ಇತ್ತು. ಅದರಲ್ಲಿ ಒಬ್ಬನಿಗೆ 1.65 ಕೋಟಿ ಎಂದುಕೊಳ್ಳಿ, ಹತ್ತನೇ ಒಂದು ಪಾಲು. ಅವನು ದೇಶಕ್ಕೆ ಆಡುವಾಗ ಬಿದ್ದರೆ ಫಿಫಾ 2012ರಲ್ಲಿ ತಂದ ಕ್ಲಬ್ ರಕ್ಷಣಾ ಯೋಜನೆ ನೆರವಿಗೆ ಬರುತ್ತದೆ. ಮೊದಲ 28 ದಿನದ ಸಂಬಳ ಕ್ಲಬ್ಬಿನ ತಲೆಯ ಮೇಲೆ. ಆಮೇಲಿನದನ್ನು ಫಿಫಾ ಕೊಡುತ್ತದೆ, ದಿನದ ಲೆಕ್ಕದಲ್ಲಿ, ಒಂದು ವರ್ಷದವರೆಗೆ, ಗರಿಷ್ಠ 75 ಲಕ್ಷ ಯೂರೋ. ನಮ್ಮ ಆಟಗಾರನ ದಿನದ ಸಂಬಳ ಸುಮಾರು 45,200 ರೂಪಾಯಿ. 270 ದಿನ ಮಲಗಿದರೆ ಸುಮಾರು 1.09 ಕೋಟಿ ವಾಪಸು ಬರುತ್ತದೆ.

ಹಣವೇನೋ ಬಂತು. ಆದರೆ ಮಿತಿ ಅಳೆಯುವುದು ಒಪ್ಪಂದದ ಸಂಬಳವನ್ನು, ಕ್ಲಬ್ಬಿನ ಪೆಟ್ಟಿಗೆಯನ್ನಲ್ಲ. ಲೀಗ್ ಪ್ರತ್ಯೇಕ ವಿನಾಯಿತಿ ಕೊಡದ ಹೊರತು ಹಾಸಿಗೆ ಹಿಡಿದವನ 1.65 ಕೋಟಿ ಅಲ್ಲೇ ಕೂತಿರುತ್ತದೆ. ಬದಲಿ ಆಟಗಾರನನ್ನು ತರಲು ದುಡ್ಡಿದ್ದರೂ ಜಾಗವಿರುವುದಿಲ್ಲ. ವಿಮೆ ಮಾಲೀಕನ ನಷ್ಟ ತುಂಬುತ್ತದೆ, ಕೋಚ್‌ನ ನಷ್ಟವನ್ನಲ್ಲ. ನಾನು ಇವತ್ತು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಬೆಂಗಳೂರು ಎಫ್‌ಸಿಯಲ್ಲಿ ಆಡಿ ಮೋಹನ್ ಬಾಗಾನ್‌ಗೆ ಹೋಗಿದ್ದ ಆಶಿಕ್ ಕುರುಣಿಯನ್ 2023ರ ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡಿನ ಕಿಂಗ್ಸ್ ಕಪ್‌ನಲ್ಲಿ ಭಾರತಕ್ಕೆ ಆಡುತ್ತ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಅಂಥ ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಬರೀ ರೊಕ್ಕ ಸಾಲದು.

ಹಾಗಾದರೆ ಗಾಯಾಳುವಿನ ಸಂಬಳವನ್ನು ಮಿತಿಯಿಂದ ಬಿಟ್ಟುಬಿಡೋಣವೇ? ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ಅಂಥ ವಿನಾಯಿತಿ ಇದೆ. 2020-21ರಲ್ಲಿ ಟ್ಯಾಂಪಾ ಬೇ ತಂಡದ ನಿಕಿಟಾ ಕುಚೆರೊವ್ ಈ ವಿನಾಯಿತಿಯಲ್ಲಿ ಲೀಗ್ ಹಂತದ ಒಂದು ಪಂದ್ಯವನ್ನೂ ಆಡದೆ, ಆಗ ಮಿತಿ ಅನ್ವಯಿಸದಿದ್ದ ಪ್ಲೇಆಫ್‌ಗೆ ಇಳಿದರು. ಕಪ್ ಅವರದೇ ಆಯಿತು. ವಿನಾಯಿತಿ ಬೇಕು, ಆದರೆ ಲೀಗ್ ನೇಮಿಸಿದ ವೈದ್ಯರ ಸಹಿ ಇರಬೇಕು, ಆ ಸೀಸನ್‌ನಲ್ಲಿ ಗಾಯಾಳು ಮರಳಬಾರದು.

ಇನ್ನೊಂದು ಬದಿ ನೋಡಿ. ಹಳೆಯ ಪೆಟ್ಟಿರುವ ಮೊಣಕಾಲನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಪಾಲಿಸಿಯಿಂದ ಹೊರಗಿಡುತ್ತವೆ. ಮಿತಿಯೊಳಗೆ ಪೈಸೆ ಪೈಸೆ ಎಣಿಸುವ ಕ್ಲಬ್ ಅಂಥವನಿಗೆ ಸಂಬಳ ಇಳಿಸುತ್ತದೆ, ಇಲ್ಲವೇ ಕೈಬಿಡುತ್ತದೆ. ಒಮ್ಮೆ ಬಿದ್ದವನು ಎರಡು ಸಲ ತೆರುತ್ತಾನೆ. ಎಚ್‌ಎಎಲ್, ಐಟಿಐ, ನಮ್ಮ ಯಲಹಂಕದ ವ್ಹೀಲ್ ಫ್ಯಾಕ್ಟರಿಯಂಥ ಕಡೆ ಕೆಲಸದಲ್ಲಿದ್ದು ಆಡಿದವರಿಗೆ ಈ ಭಯ ಇರಲಿಲ್ಲ. ಕಾಲು ಹೋದರೂ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ನೌಕರಿಯೇ ಅವರ ವಿಮೆ.

ಈಗಿನ ಸ್ಥಳೀಯ ಲೀಗ್ ಹುಡುಗರಿಗೆ ಮಿತಿಯೂ ಇಲ್ಲ, ನೌಕರಿಯೂ ಇಲ್ಲ. 2012ರ ಮಾರ್ಚ್‌ನಲ್ಲಿ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದಾಗ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಒಯ್ದರು, ಉಳಿಯಲಿಲ್ಲ. ಆಟಗಾರರ ನೋಂದಣಿಯ ದಿನವೇ ಗುಂಪು ಅಪಘಾತ ವಿಮೆ ಮಾಡಿಸಬೇಕು. ಸಾವು, ಅಂಗವೈಕಲ್ಯಕ್ಕೆ ಮಾತ್ರವಲ್ಲ, ಅಸ್ಥಿರಜ್ಜು ಹರಿದರೆ ಆಗುವ ಆಪರೇಷನ್ನಿಗೂ, ಮನೆಯಲ್ಲಿ ಕೂರುವ ವಾರಗಳಿಗೂ ಹಣ ಸಿಗುವಂತೆ ಬರೆಸಬೇಕು.

ಎಚ್‌ಎಂಟಿ ಮೈದಾನದ ಆ ಹುಡುಗನನ್ನೂ ನಾವು ಆಟೋದಲ್ಲೇ ಕೂರಿಸಿದೆವು. ಕಾಲು ಮಡಚಲಾಗದೆ ನನ್ನ ತೊಡೆಯ ಮೇಲೆ ಚಾಚಿದ್ದ. ಬೂಟಿನ ದಾರ ಬಿಚ್ಚುವಾಗ ಅವನು ಕೇಳಿದ್ದು ಒಂದೇ: “ಅಂಕಲ್, ಎಷ್ಟಾಗುತ್ತೆ?”