ಹಾಡಿಗೆ ಚಪ್ಪಾಳೆ, ಮಾತಿಗೆ ಬಹಿಷ್ಕಾರ

(ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆಗಳು ಹಾಡಿನಿಂದ ಶುರುವಾಗುತ್ತವೆ. ವರದಕ್ಷಿಣೆಯ ಬಗ್ಗೆ, ಕುಡಿತದ ಬಗ್ಗೆ ಹಾಡುತ್ತೇವೆ. ಊರ ಗಂಡಸರೂ ನಿಂತು ಕೇಳುತ್ತಾರೆ, ತಲೆದೂಗುತ್ತಾರೆ. ಆದರೆ ಹಾಡು ಮುಗಿದ ಮೇಲೆ ಒಬ್ಬಳು ಎದ್ದು "ನನ್ನ ಗಂಡ ಹೊಡೆಯುತ್ತಾನೆ, ಇನ್ನೂ ಎರಡು ತೊಲ ಬಂಗಾರ ತಾ ಅನ್ನುತ್ತಾನೆ" ಅಂದರೆ ಅದೇ ಜನ ಏನನ್ನುತ್ತಾರೆ? "ಮನೆ ಮಾತು ಬೀದಿಗೆ ತರಬೇಡ" ಅನ್ನುತ್ತಾರೆ. ಹಾಡಿಗೂ ಮಾತಿಗೂ ಯಾಕೆ ಈ ಅಂತರ? ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಮೂವರು ಹಾಡುಗಾರ್ತಿಯರ ಕತೆ ಹೇಳುತ್ತೇನೆ.

ನಟಾಲಿ ಮೇನ್ಸ್, ಮತ್ತೆ ಅಕ್ಕತಂಗಿಯರಾದ ಮಾರ್ಟಿ, ಎಮಿಲಿ. ಟೆಕ್ಸಾಸ್ ರಾಜ್ಯದ ಈ ತಂಡದ ಹೆಸರು ಆಗ ಡಿಕ್ಸಿ ಚಿಕ್ಸ್. 2020ರಿಂದ ದ ಚಿಕ್ಸ್. ಅವರದು 'ಕಂಟ್ರಿ' ಸಂಗೀತ. ಅಲ್ಲಿನ ಹಳ್ಳಿ, ಸಣ್ಣ ಊರುಗಳ ಜನ ರೇಡಿಯೊದಲ್ಲಿ ಕೇಳಿ ಮೆಚ್ಚುವ ಹಾಡುಗಳು.

2000ದಲ್ಲಿ ರೇಡಿಯೊಗೆ ಬಂದ ಅವರ ಒಂದು ಹಾಡು 'ಗುಡ್‌ಬೈ ಅರ್ಲ್'. ವಾಂಡಾ ಎಂಬವಳು ಅರ್ಲ್ ಎಂಬವನನ್ನು ಮದುವೆಯಾಗುತ್ತಾಳೆ. ಎರಡು ವಾರ ಕಳೆಯುವುದರೊಳಗೆ ಹೊಡೆತ ಶುರು. ಗಾಯ ಕಾಣದಂತೆ ಉದ್ದ ತೋಳಿನ ರವಿಕೆ ತೊಡುತ್ತಾಳೆ. ಕೊನೆಗೆ ಧೈರ್ಯ ಮಾಡಿ ವಿಚ್ಛೇದನಕ್ಕೆ ಹೋಗುತ್ತಾಳೆ. ಹತ್ತಿರ ಬರಕೂಡದೆಂಬ ಕೋರ್ಟಿನ ಆದೇಶ ಮುರಿದು ಅವನು ಬರುತ್ತಾನೆ, ಅವಳು ಆಸ್ಪತ್ರೆ ಸೇರುವ ಹಾಗೆ ಹೊಡೆಯುತ್ತಾನೆ. ಆಗ ವಾಂಡಾ ಮತ್ತು ಅವಳ ಶಾಲೆಯ ಗೆಳತಿ ಸೇರಿ ಅವನಿಗೆ ವಿಷವಿಕ್ಕುತ್ತಾರೆ.

ಕೊಲೆ ನಮ್ಮ ದಾರಿಯಲ್ಲ. ಆದರೆ ಕಾನೂನು ಕಾಪಾಡದೆ ಹೋದ ಹೆಣ್ಣಿನ ಸಿಟ್ಟು ಆ ಹಾಡಿನಲ್ಲಿತ್ತು. ಕೆಲವು ರೇಡಿಯೊ ಕೇಂದ್ರಗಳು ಅದನ್ನು ಹಾಕಲೊಪ್ಪಲಿಲ್ಲ. ಆದರೂ ಜನ ನಗುತ್ತ, ಜೊತೆಗೂಡಿ ಹಾಡಿದರು. ಅರ್ಲ್ ಯಾರ ಮನೆಯವನೂ ಅಲ್ಲವಲ್ಲ!

ಇನ್ನು 2003ರ ಮಾರ್ಚ್ 10. ಲಂಡನ್ನಿನಲ್ಲಿ ಕಾರ್ಯಕ್ರಮ. ಇರಾಕಿನ ಮೇಲೆ ಅಮೆರಿಕದ ಯುದ್ಧ ಶುರುವಾಗಲು ಕೆಲವೇ ದಿನಗಳಿದ್ದವು. ಹಾಡುಗಳ ನಡುವೆ ನಟಾಲಿ ನಾಲ್ಕು ಮಾತಾಡಿದಳು: ಈ ಯುದ್ಧ ನಮಗೆ ಬೇಡ, ಅಧ್ಯಕ್ಷರು ನಮ್ಮ ಟೆಕ್ಸಾಸಿನವರೆಂಬುದು ನಮಗೆ ನಾಚಿಕೆ. ಅಧ್ಯಕ್ಷರಾಗಿದ್ದವರು ಜಾರ್ಜ್ ಬುಷ್.

ಅಷ್ಟಕ್ಕೇ ಸಾಲು ಸಾಲು ರೇಡಿಯೊ ಕೇಂದ್ರಗಳು ಅವರ ಹಾಡು ನಿಲ್ಲಿಸಿದವು. ಅವರ ಸಿ.ಡಿ.ಗಳನ್ನು ರಾಶಿ ಹಾಕಿ ಟ್ರ್ಯಾಕ್ಟರ್ ಹತ್ತಿಸಿದರು. ಕೊಲೆ ಬೆದರಿಕೆಯೂ ಬಂತು. ಸೋಜಿಗವೆಂದರೆ, ಅದೇ ತಿಂಗಳು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದ ಅವರ ಹಾಡು, ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸೈನಿಕನದು, ಅವನಿಗಾಗಿ ಕಾದ ಹುಡುಗಿಯದು. ಯುದ್ಧದ ದುಃಖವನ್ನು ಹಾಡಿದಾಗ ಕಣ್ಣೀರು ಹಾಕಿದವರೇ, ಯುದ್ಧ ಬೇಡವೆಂದು ಬಿಡಿಸಿ ಹೇಳಿದಾಗ ಸಿಡಿದೆದ್ದರು.

ಯಾಕೆ? ಹಾಡಿಗೆ ವಿಳಾಸವಿಲ್ಲ. ಕೇಳಿದವನು "ಇದು ನನ್ನದಲ್ಲ, ಪಕ್ಕದ ಮನೆಯದು" ಅಂದುಕೊಂಡು ತಪ್ಪಿಸಿಕೊಳ್ಳಬಹುದು. ಮಾತು ಹೆಸರು ಹಿಡಿದು ಕೇಳುತ್ತದೆ. ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಅತ್ತೆಮನೆಯ ಕಷ್ಟವನ್ನೆಲ್ಲ ಹಾಡಿಕೊಂಡರು, ಯಾರೂ ಬೇಡವೆನ್ನಲಿಲ್ಲ. ಅದನ್ನೇ ಪಂಚರ ಮುಂದೆ ಹೇಳಿದ್ದರೆ ಬಾಯಿ ಮುಚ್ಚಿಸುತ್ತಿದ್ದರು.

"ಹಾಡುವವರು ಹಾಡಿಕೊಂಡಿರಲಿ, ರಾಜಕೀಯ ಯಾಕೆ?" ಎಂದು ಆ ಮೂವರಿಗೆ ಹೇಳಿದರು. ನಮಗೂ ಹೇಳುತ್ತಾರಲ್ಲ, "ಉಳಿತಾಯ, ಸಾಲ ನೋಡಿಕೊಳ್ಳಿ, ಗಂಡ ಹೆಂಡಿರ ಜಗಳ ನಿಮಗ್ಯಾಕೆ?" ಅಂತ. ಎರಡೂ ಒಂದೇ ಮಾತು.

ಹಾಡು ಬೇಡವೆಂದು ನಾನು ಹೇಳುತ್ತಿಲ್ಲ. ಬಾಯಿ ಬಿಡದವಳ ಬಾಯಿ ಬಿಡಿಸುವುದೇ ಹಾಡು. ಆ ಮೂವರೂ ಹಾಡಿಗೇ ಮರಳಿದರು. 2006ರಲ್ಲಿ ರಾಜಿಗೆ ಸಿದ್ಧವಿಲ್ಲವೆಂದು ಹಾಡಿದರು, 2007ರಲ್ಲಿ ಐದು ಗ್ರ್ಯಾಮಿ ಪ್ರಶಸ್ತಿ ಪಡೆದರು. ಆದರೆ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಅಂದು ಮಾತಾಡಿದವಳು ಒಬ್ಬಳು. ಉಳಿದಿಬ್ಬರು "ಅದು ಅವಳ ಮಾತು, ನಮ್ಮದಲ್ಲ" ಎಂದು ಜಾರಿಕೊಳ್ಳಲಿಲ್ಲ. ನಷ್ಟವನ್ನು ಮೂವರೂ ಹಂಚಿಕೊಂಡರು.

ಸಂಘವೆಂದರೆ ಇದೇ ಅಲ್ಲವೇ? ಪೊಲೀಸರ ಮುಂದೆ, ಕೋರ್ಟಿನಲ್ಲಿ ಹಾಡು ನಡೆಯುವುದಿಲ್ಲ. ಯಾರು ಹೊಡೆದರು, ಎಂದು, ಎಲ್ಲಿ ಎಂದು ಹೇಳಬೇಕು. ಒಬ್ಬಳೇ ಹೇಳುವುದು ಕಷ್ಟ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ನೊಂದವಳೇ ಹೋಗಬೇಕೆಂದಿಲ್ಲ. ವಿಷಯ ತಿಳಿದ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ. 181ಕ್ಕೆ ಫೋನ್ ಮಾಡಿಯೂ ನೆರವು ಕೇಳಬಹುದು.

ಮುಂದಿನ ಸಭೆಯಲ್ಲೂ ಹಾಡೋಣ. ಹಾಡು ಮುಗಿದ ಕೂಡಲೇ ಲೆಕ್ಕದ ಪುಸ್ತಕ ತೆರೆಯುವುದು ಬೇಡ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮಾತಾಡಬೇಕೆನ್ನುವವಳಿಗೆ ಅವಕಾಶ ಕೊಡೋಣ. ಅವಳು ಎದ್ದು ನಿಂತರೆ, ಆಚೆ ಒಬ್ಬಳು ಈಚೆ ಒಬ್ಬಳು ಎದ್ದು ನಿಲ್ಲೋಣ.