ಹೈ-ರೆಸ್ ಹಾಡಿಗೆ ದುಡ್ಡು ಹಾಕೋ ಮುಂಚೆ

ಹೋದ ವಾರ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಮೊದಲ ಸಂಬಳ ಬಂದಿದೆ, ಎಂಟು ಸಾವಿರ ತೆಗೆದಿಟ್ಟಿದ್ದೀನಿ, ಹೈ-ರೆಸ್ ಹಾಡುಗಳನ್ನ ಡೌನ್‌ಲೋಡ್ ಮಾಡ್ಕೊಳ್ಳೋಕೆ ಶುರು ಮಾಡ್ಲಾ ಅಂತ. ಕೇಳಿ ನಂಗೆ ಮುಜುಗರ ಆಯ್ತು. ಯಾಕಂದ್ರೆ ಎರಡು ವರ್ಷದ ಹಿಂದೆ ಇದೇ ಮೈಕ್ ಮುಂದೆ ಕೂತು, ಹೈ-ರೆಸ್ ಕೇಳಿದ ಮೇಲೆ ಎಂಪಿ3 ಕೇಳೋಕೇ ಆಗಲ್ಲ ಅಂದವನು ನಾನೇ. ಆ ಮಾತನ್ನ ಇವತ್ತು ವಾಪಸ್ ತಗೋತಿದ್ದೀನಿ.

ಸಿಡಿ ಅಂದ್ರೆ 16 ಬಿಟ್, 44.1 ಕಿಲೋಹರ್ಟ್ಸ್. ಶಬ್ದವನ್ನ ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟಿರ್ತಾರೆ. ಹೈ-ರೆಸ್‌ನಲ್ಲಿ ಸಾಮಾನ್ಯವಾಗಿ 24 ಬಿಟ್, 96 ಅಥವಾ 192 ಕಿಲೋಹರ್ಟ್ಸ್. ಕ್ಯಾಮೆರಾ ಮೆಗಾಪಿಕ್ಸೆಲ್ ಥರ, ನಂಬರ್ ಜಾಸ್ತಿ ಆದಷ್ಟೂ ಚೆನ್ನಾಗಿರುತ್ತೆ ಅಂದ್ಕೋತೀವಿ ಅಲ್ವಾ? ಇಲ್ಲಿ ಹಾಗಲ್ಲ. ಎಷ್ಟು ಸಲ ಅಳೀತೀವೋ ಅದರ ಅರ್ಧದಷ್ಟು ಆವರ್ತನದವರೆಗೆ ಶಬ್ದವನ್ನ ಪೂರ್ತಿ ಹಿಡೀಬಹುದು. 44.1ರ ಅರ್ಧ ಸುಮಾರು 22. ನಮ್ಮ ಕಿವಿ ಕೇಳೋದೇ ಹೆಚ್ಚಂದ್ರೆ 20ರವರೆಗೆ, ಅದೂ ಚಿಕ್ಕ ವಯಸ್ಸಲ್ಲಿ. ಮಿಕ್ಕಿದ್ದು ಬಾವಲಿಗಳಿಗೆ. 24 ಬಿಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡೋರಿಗೆ ನಿಜವಾಗ್ಲೂ ಬೇಕು. ಬಿಎಂಟಿಸಿ ಬಸ್ಸಲ್ಲಿ ಕೇಳೋರಿಗೆ 16 ಬಿಟ್‌ನ 96 ಡೆಸಿಬಲ್ ವ್ಯಾಪ್ತಿನೇ ಧಾರಾಳ.

ಇದು ಬರೀ ಥಿಯರಿ ಅಂತ ನಾನೂ ವಾದ ಮಾಡ್ತಿದ್ದೆ. ಒಬ್ಬ ಫ್ರೆಂಡ್ ಬಿಡ್ಲಿಲ್ಲ. ನಾನು ದುಡ್ಡು ಕೊಟ್ಟು ತಗೊಂಡಿದ್ದ 24/96 ಫೈಲಿಂದಲೇ 320 ಕೆಬಿಪಿಎಸ್ ಎಂಪಿ3 ಮಾಡಿ, ವಾಲ್ಯೂಮ್ ಸಮ ಮಾಡಿ, ಯಾವುದು ಯಾವ್ದು ಅಂತ ತೋರಿಸ್ದೆ ಕೇಳಿಸ್ದ. ವೈರ್ಡ್ ಹೆಡ್‌ಫೋನ್, ರಾತ್ರಿ ಹನ್ನೊಂದು ಗಂಟೆ, ಫ್ಯಾನೂ ಆಫ್. 20 ಸಲದಲ್ಲಿ 11 ಸರಿ ಹೇಳ್ದೆ. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು.

ನನ್ನ ಕಿವಿ ಮಾತ್ರ ಕೆಟ್ಟಿದೆ ಅನ್ಬೇಡಿ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋರು ಹೈ-ರೆಸ್ ಡಿಸ್ಕ್‌ಗಳನ್ನೂ ಅದನ್ನೇ ಸಿಡಿ ಗುಣಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿಸಿ ನೋಡಿದ್ರು; ಉತ್ತರ ಅರ್ಧಕ್ಕರ್ಧ ಬಂತು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನ ಒಟ್ಟು ಹಾಕಿದಾಗ ಸರಿ ಉತ್ತರ ಶೇಕಡಾ 52.3. ತರಬೇತಿ ಇದ್ದವರಿಗೆ ಇನ್ನೂ ಜಾಸ್ತಿ. ಅಂದ್ರೆ ವ್ಯತ್ಯಾಸ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ಆ 2.3ಕ್ಕೆ ಎಂಟು ಸಾವಿರನಾ ಅನ್ನೋದು ಪ್ರಶ್ನೆ.

ಇನ್ನೊಂದು ತಮಾಷೆ ಇದೆ. ನಮ್ಮಲ್ಲಿ ಹೆಚ್ಚಿನೋರು ಬ್ಲೂಟೂತ್ ಬಡ್ಸ್ ಹಾಕೋರು. ಒಳ್ಳೇ ಕೋಡೆಕ್ ಅನ್ನೋ ಎಲ್‌ಡ್ಯಾಕ್ ಕೂಡ ಗರಿಷ್ಠ 990 ಕೆಬಿಪಿಎಸ್ ಸಾಗಿಸುತ್ತೆ. ಕಂಪ್ರೆಸ್ ಮಾಡದ 24/96ಗೆ ಬೇಕಾಗಿರೋದು 4608. ಅಂದ್ರೆ ದುಬಾರಿ ಫೈಲ್ ಬಡ್ಸ್ ತಲುಪೋ ಹೊತ್ತಿಗೆ ಮತ್ತೆ ಹಿಂಡಿ ಹೋಗಿರುತ್ತೆ. ಸ್ಟೋರೇಜ್ ಮಾತ್ರ ಪೂರ್ತಿ ತಿನ್ನುತ್ತೆ. ಹಳೇ ಟೇಪ್‌ನಿಂದ ಬಂದ ಹಾಡಾದ್ರೆ ಇನ್ನೂ ವ್ಯರ್ಥ. ಟೇಪಿನ ಸುಯ್ ಅನ್ನೋ ಸದ್ದೇ 16 ಬಿಟ್‌ನ ತಳಕ್ಕಿಂತ ಮೇಲಿರುತ್ತೆ.

ಹಾಗಾದ್ರೆ ಕೆಲವು ಹೈ-ರೆಸ್ ಹಾಡು ನಿಜವಾಗ್ಲೂ ಚೆನ್ನಾಗಿ ಕೇಳ್ಸುತ್ತಲ್ಲ? ಕೇಳ್ಸುತ್ತೆ, ಆದ್ರೆ ಅದು ಮಾಸ್ಟರಿಂಗ್ ಮಹಿಮೆ. 2008ರಲ್ಲಿ ಮೆಟಾಲಿಕಾದ ಡೆತ್ ಮ್ಯಾಗ್ನೆಟಿಕ್ ಸಿಡಿಯನ್ನ ಎಷ್ಟು ಜೋರು ಮಾಡಿದ್ರು ಅಂದ್ರೆ ಸದ್ದು ಒಡೀತಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೋ ಗೇಮಲ್ಲಿ ಅಷ್ಟು ಹಿಂಡದೆ ಬಂದಿದ್ವು. ಫ್ಯಾನ್‌ಗಳು ಸಿಡಿ ಬಿಟ್ಟು ಗೇಮಿನ ಆಡಿಯೋ ಹುಡುಕ್ಕೊಂಡು ಹೋದ್ರು! ಅಲ್ಲಿ ಹೈ-ರೆಸ್ ಮಾತೇ ಇರ್ಲಿಲ್ಲ.

ಅವರಿಗೆ ನಾನು ಕಳಿಸಿದ ಉತ್ತರ ಇಷ್ಟು: ಇಟ್ಕೊಳ್ಳಬೇಕು ಅನ್ನಿಸೋ ಆಲ್ಬಮ್ಮನ್ನ ಸಿಡಿ ಗುಣಮಟ್ಟದ ಫ್ಲ್ಯಾಕ್‌ನಲ್ಲಿ ತಗೊಳ್ಳಿ, ಮುಂದೆ ಯಾವ ಫಾರ್ಮ್ಯಾಟಿಗೆ ಬೇಕಾದ್ರೂ ಬದಲಾಯಿಸ್ಕೋಬಹುದು. ಒಂದೆರಡು ಸಾವಿರಕ್ಕೆ ವೈರ್ ಇರೋ ಒಳ್ಳೇ ಇಯರ್‌ಫೋನ್ ನೋಡಿ. ಆಮೇಲೂ ಅನುಮಾನ ಇದ್ರೆ ನನ್ನ ಆ 24/96 ಆಲ್ಬಮ್ ಇದೆ, ಮನೆಗೆ ಬನ್ನಿ, 20 ಸಲ ಕೇಳಿಸ್ತೀನಿ. ಈ ಭಾನುವಾರ ಬರ್ತಾರಂತೆ.