ಶೆಡ್ಡಿನಲ್ಲಿದ್ದ ಜಾವಾ, ಅಪ್ಪನ ಮಂಡಿ ಮತ್ತು ಆರು ವೋಲ್ಟಿನ ದೀಪ

ಇವತ್ತು ಹಳೇ ಗಾಡಿ ರಿಪೇರಿ ಬಗ್ಗೆ ಮಾತಾಡೋಣ. ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಇದ್ರೆ ಮೊದಲು ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ಕೇಳಿ.

ನಿಮ್ಮಲ್ಲಿ ತುಂಬಾ ಜನ ಯೂಟ್ಯೂಬ್‌ನಲ್ಲಿ ಆ ವಿಡಿಯೋಗಳನ್ನ ನೋಡಿರ್ತೀರಿ. ಇಂಗ್ಲೆಂಡಿನಲ್ಲಿ ಯಾರೋ ಒಬ್ರು ಮನೆ ಗ್ಯಾರೇಜಲ್ಲಿ ತುಕ್ಕು ಹಿಡಿದ ಎಂಜಿಬಿ ಸ್ಪೋರ್ಟ್ಸ್ ಕಾರನ್ನ ಬಿಚ್ಚಿ, ಹೊಸದರ ಹಾಗೆ ಮಾಡ್ತಾರೆ. ನಾನೂ ರಾತ್ರಿಯೆಲ್ಲಾ ನೋಡ್ತಿದ್ದವನೇ. ಆ ಕಾರು ತಯಾರಾಗ್ತಿದ್ದ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೆ 1988ರಿಂದ ಅದರ ಇಡೀ ಬಾಡಿಯನ್ನೇ ಅಲ್ಲಿ ಮತ್ತೆ ಹೊಸದಾಗಿ ಮಾಡಿ ಮಾರ್ತಿದ್ದಾರೆ. ಅಂದ್ರೆ ದುಡ್ಡಿದ್ದರೆ ಸಾಕು, ಬಿಡಿಭಾಗ ಸಿಗುತ್ತೆ.

ನಮ್ಮ ಮನೆ ಮೈಸೂರಿನ ಬನ್ನಿಮಂಟಪದಲ್ಲಿ. ಇಲ್ಲಿ ನಮ್ಮ ಪಾಲಿಗೆ ಎಂಜಿಬಿ ಅಂದ್ರೆ ಜಾವಾ. ಪಕ್ಕದ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಜಾನೆಚೆಕ್ ಅನ್ನೋ ಮಾಲೀಕರ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಅನ್ನೋ ಕಂಪನಿಯ ಮೊದಲೆರಡು ಅಕ್ಷರ ಸೇರಿ ಆ ಹೆಸರಾಯ್ತು. ಮೈಸೂರಲ್ಲಿ 1961ರಿಂದ ಗಾಡಿಗಳು ತಯಾರಾದವು, ಮುಂದೆ ಅವೇ ಯೆಜ್ಡಿ ಅಂತ ಆದವು. 1996ರಲ್ಲಿ ಕಾರ್ಖಾನೆ ನಿಂತುಹೋಯಿತು. ಆಮೇಲೆ ಉಳಿದದ್ದು ಏನು? ಜನರ ಮನೆಯ ಗಾಡಿಗಳು, ಮತ್ತೆ ಅವನ್ನ ಬಲ್ಲ ಕೈಗಳು.

ಅಂಥದ್ದೇ ಒಂದು ಗಾಡಿ ನಮ್ಮ ಮನೆ ಶೆಡ್ಡಲ್ಲಿ ಹದಿನೈದು ವರ್ಷ ನಿಂತಿತ್ತು. 1970ರ ಜಾವಾ 250. ಅಪ್ಪ ಅದನ್ನ 1984ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪ್ರತಿವರ್ಷ ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಹೂವಿನ ಹಾರ. ಪೆಟ್ರೋಲ್ ಮಾತ್ರ ಇಲ್ಲ. ಪಾಂಡವರು ಬನ್ನಿ ಮರದಲ್ಲಿ ಬಚ್ಚಿಟ್ಟ ಆಯುಧ ಒಂದು ವರ್ಷಕ್ಕಾದರೂ ಕೆಳಗಿಳೀತು, ನಮ್ಮದು ಇಳೀಲೇ ಇಲ್ಲ ಅಂತ ಅಮ್ಮ ತಮಾಷೆ ಮಾಡ್ತಿದ್ರು. ಹೋದ ವರ್ಷ ನಾನೇ ಕೈ ಹಾಕಿದೆ.

ನಾನು ಕಲಿತದ್ದನ್ನ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಸ್ಪ್ಯಾನರ್ ಅಲ್ಲ, ಆರ್‌ಸಿ ಪುಸ್ತಕ ಕೈಗೆ ತಗೊಳ್ಳಿ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ತಾಳೆಯಾಗ್ತಾವಾ ನೋಡಿ. ಪೇಂಟ್ ಮಾಡಿಸುವಾಗ ಚಾಸಿಸ್ ನಂಬರ್ ಉಜ್ಜಿ ಅಳಿಸಿಹೋದರೆ ಮುಗೀತು ಕಥೆ. ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರಿಂದ ಇನ್ನೊಂದು ದಾರಿಯೂ ಇದೆ: 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ವಿಂಟೇಜ್ ನೋಂದಣಿ. ಆದರೆ ಅಂಥ ಗಾಡಿಯನ್ನ ದಿನನಿತ್ಯ ರಸ್ತೆಗೆ ಇಳಿಸೋ ಹಾಗಿಲ್ಲ. ನಮಗೆ ಓಡಿಸೋದೇ ಮುಖ್ಯ, ಹಾಗಾಗಿ ಮಾಮೂಲಿ ನವೀಕರಣವನ್ನೇ ಮಾಡಿಸಿದ್ವಿ.

ಎರಡನೇದು, ಕಿಕ್ ಕೂರದಿದ್ದರೆ ಬಲ ಹಾಕಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಸ್ವಲ್ಪ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಆಮೇಲೆ ಗೇರ್ ಹಾಕಿ, ಹಿಂದಿನ ಚಕ್ರವನ್ನ ನಿಧಾನಕ್ಕೆ ಆಡಿಸಿ. ನಮ್ಮದು ಮೂರನೇ ದಿನ ‘ಟಕ್’ ಅಂತ ಬಿಟ್ಟುಕೊಂಡಿತು.

ಮೂರನೇದು, ಕ್ರ್ಯಾಂಕಿನ ಆಯಿಲ್ ಸೀಲುಗಳು. ಇದು ಟೂ ಸ್ಟ್ರೋಕ್ ಗಾಡಿ, ಪೆಟ್ರೋಲ್ ಮೊದಲು ಕ್ರ್ಯಾಂಕಿನ ಗೂಡಿಗೆ ಬಂದು ಆಮೇಲೆ ಮೇಲೆ ಹೋಗುತ್ತೆ. ಎಡಗಡೆ ಸೀಲ್ ಹೋದರೆ ಕ್ಲಚ್ ಕಡೆಯ ಆಯಿಲ್ ಒಳಗೆ ಎಳೆದುಕೊಂಡು ಬೀದಿ ತುಂಬಾ ಬಿಳಿ ಹೊಗೆ. ಬಲಗಡೆ, ಡೈನಮೋ ಕಡೆ ಸೀಲ್ ಹೋದರೆ ಗಾಳಿ ನುಗ್ಗುತ್ತೆ, ಎಂಜಿನ್ ಕಾದು ಪಿಸ್ಟನ್ ಹಿಡ್ಕೊಳ್ಳುತ್ತೆ. ಸೀಲಿನ ಬೆಲೆ ಕಡಿಮೆ, ಮರೆತರೆ ಬೀಳೋ ಪೆಟ್ಟು ದೊಡ್ಡದು. ಇದನ್ನ ನನಗೆ ಹೇಳಿಕೊಟ್ಟವರು ನಮ್ಮ ಬೀದಿಯ ಹಿರಿಯರೊಬ್ಬರು, ಹಿಂದೆ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಎಂಜಿನ್ ಶಬ್ದ ಕೇಳಿ, ಕಣ್ಣು ಮುಚ್ಚಿಕೊಂಡೇ, ‘ಬಲಗಡೆ ನೋಡು ಮಗಾ’ ಅಂದ್ರು. ಬಿಚ್ಚಿ ನೋಡಿದರೆ ಬಲಗಡೆಯದ್ದೇ.

ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದ್ದಾಯ್ತು. ಲೀಟರ್ ಪೆಟ್ರೋಲಿಗೆ ಸುಮಾರು 40 ಎಂಎಲ್ ಟೂಟಿ ಆಯಿಲ್ ಬೆರೆಸಬೇಕು ಅನ್ನೋದನ್ನ ಟ್ಯಾಂಕ್ ಮುಚ್ಚಳದ ಹತ್ತಿರ ಚೀಟಿ ಅಂಟಿಸಿಟ್ಟೆ. ಅಲ್ಲೀವರೆಗೂ ಮನೇಲಿ ಜಗಳ ಇರ್ಲಿಲ್ಲ. ಜಗಳ ಶುರುವಾಗಿದ್ದು ದೀಪದಿಂದ.

ಹಳೇ ಜಾವಾದ್ದು ಆರು ವೋಲ್ಟಿನ ಡೈನಮೋ. ನಾನು ಪಕ್ಕಾ ‘ಒರಿಜಿನಲ್’ ಪಕ್ಷ. ಒಂದು ನಟ್ ಕೂಡ ಬದಲಾಗಬಾರದು, ಮರೂನ್ ಬಣ್ಣವೂ ಅದೇ ಇರಬೇಕು, ಆರು ವೋಲ್ಟಿನ ಹಳದಿ ಬೆಳಕೂ ಅದೇ ಇರಬೇಕು ಅಂತ ಹಟ. ಅಪ್ಪ, ‘ಹನ್ನೆರಡು ವೋಲ್ಟ್ ಮಾಡಿಸು’ ಅಂದ್ರು. ನಾನು ಕೇಳಲಿಲ್ಲ. ‘ಅಪ್ಪಾ, ನಿಮಗೆ ಇದರ ಬೆಲೆ ಗೊತ್ತಿಲ್ಲ’ ಅಂತ ಅಂದುಬಿಟ್ಟೆ. ಅವರು ಸುಮ್ಮನಾದ್ರು.

ಒಂದು ವಾರ ಕಳೀತು. ಟ್ಯಾಂಕನ್ನ ಪೇಂಟಿಗೆ ಕೊಡೋ ದಿನ. ಎಡಗಡೆ ಒಂದು ದೊಡ್ಡ ಡೆಂಟ್ ಇತ್ತು, ಚಿಕ್ಕವನಿದ್ದಾಗಿಂದ ನೋಡಿದ್ದು. ‘ಇದು ಎಲ್ಲಿ ಆಗಿದ್ದಪ್ಪಾ?’ ಅಂತ ಸುಮ್ಮನೆ ಕೇಳಿದೆ.

‘ಬೆಂಗಳೂರು ರೋಡಲ್ಲಿ,’ ಅಂದ್ರು. ‘ಎಂಬತ್ತೊಂಬತ್ತನೇ ಇಸವಿ. ಮದುವೆ ಮುಗಿಸಿಕೊಂಡು ರಾತ್ರಿ ಬರ್ತಾ ಇದ್ವಿ. ಈ ನಿನ್ನ ಒರಿಜಿನಲ್ ದೀಪ ಇದ್ಯಲ್ಲ, ಸ್ಪೀಡ್ ಕಡಿಮೆ ಆದ್ರೆ ಊದಿನಕಡ್ಡಿ ಥರ ಆಗ್ತಿತ್ತು. ಎದುರಿಗೆ ಕಬ್ಬಿನ ಗಾಡಿ. ಪಕ್ಕದಲ್ಲಿ ಬಂದಾಗ್ಲೇ ಕಂಡಿದ್ದು. ಎಡಕ್ಕೆ ಎಳೆದೆ, ಬಿದ್ವಿ. ಹಿಂದೆ ನಿಮ್ಮಮ್ಮ ಕೂತಿದ್ಲು. ಅವಳ ಮಡಿಲಲ್ಲಿ ನೀನಿದ್ದೆ ಕಣೋ.’

ಅಪ್ಪನ ಎಡ ಮಂಡಿ ನೋವು ವಯಸ್ಸಿನದ್ದು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಜಾವಾದ ಕಿಕ್ ಇರೋದೂ ಎಡಗಡೆ. ಅದೇ ಲಿವರ್ ಒಳಗೆ ಒತ್ತಿ ಎತ್ತಿದರೆ ಕಿಕ್, ಬಿಟ್ಟರೆ ಗೇರ್. ಅವರು ಗಾಡಿ ಯಾಕೆ ಬಿಟ್ರು ಅಂತ ಆವತ್ತು ಗೊತ್ತಾಯ್ತು. ನಾನು ‘ಹಳೇ ಕಾಲದ ಚೆಂದ’ ಅಂತ ಉಳಿಸೋಕೆ ಹೊರಟಿದ್ದು ಅವರು ಭಯಪಟ್ಟುಕೊಂಡು ಓಡಿಸಿದ ಬೆಳಕನ್ನ.

‘ಹಾಗಾದ್ರೆ ಡೆಂಟ್ ಹಾಗೇ ಇರ್ಲಿ, ನೆನಪಿಗೆ’ ಅಂದೆ. ‘ನೆನಪಿಗೆ ಮಂಡಿ ಇದೆ,’ ಅಂದ್ರು ಅಪ್ಪ. ‘ಡೆಂಟ್ ತೆಗೆಸು. ದೀಪ ಹಾಕು.’

ಹಾಕಿದೆ. ಇದರ ಲೆಕ್ಕ ಸುಲಭ. 35 ವ್ಯಾಟಿನ ಬಲ್ಬಿಗೆ ಆರು ವೋಲ್ಟಿನಲ್ಲಿ ಸುಮಾರು ಆರು ಆಂಪಿಯರ್ ಕರೆಂಟ್ ಹರೀಬೇಕು, ಹನ್ನೆರಡರಲ್ಲಿ ಮೂರು ಸಾಕು. ಕರೆಂಟ್ ಜಾಸ್ತಿ ಆದಷ್ಟೂ ಹಳೇ ವೈರು, ತುಕ್ಕು ಹಿಡಿದ ಕನೆಕ್ಷನ್‌ನಲ್ಲಿ ಬೆಳಕು ಸೋರಿಹೋಗುತ್ತೆ. ನಾವು ಡೈನಮೋ ಹಾಗೇ ಉಳಿಸಿ, ಹನ್ನೆರಡು ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಬ್ಯಾಟರಿ, ಇಗ್ನಿಷನ್ ಕಾಯಿಲ್, ಹಾರ್ನ್, ಕಡಿಮೆ ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನ ಹಾಕಿದ್ವಿ. ವೈರಿಂಗ್ ಪೂರ್ತಿ ಹೊಸದು. ಎದುರಿನವರ ಕಣ್ಣಿಗೆ ಹೊಡೀದ ಹಾಗೆ ಹೆಡ್‌ಲೈಟ್ ಸ್ವಲ್ಪ ಕೆಳಗಿಟ್ಟಿದ್ದೀವಿ. ಬ್ರೇಕ್ ಶೂ, ಕೇಬಲ್, ಟೈರ್ ಕೂಡ ಹೊಸವು.

ಒಂದನ್ನ ಮಾತ್ರ ಬದಲಾಯಿಸೋಕೆ ಅಪ್ಪ ಬಿಡಲಿಲ್ಲ: ಪಾಯಿಂಟ್ಸ್. ಎಲೆಕ್ಟ್ರಾನಿಕ್ ಇಗ್ನಿಷನ್ ಚೆನ್ನಾಗಿರುತ್ತೆ, ನಿಜ. ಆದರೆ ಅದು ಕೆಟ್ಟರೆ ಗಾಡಿ ತಳ್ಕೊಂಡು ಬರಬೇಕು. ಪಾಯಿಂಟ್ಸ್ ಆದ್ರೆ ರಸ್ತೆ ಬದೀಲೇ ಪೇಪರ್ ಹಾಕಿ ಉಜ್ಜಿ, 0.4 ಮಿಲಿಮೀಟರ್ ಗ್ಯಾಪ್ ಇಟ್ಟು ಮನೆ ಸೇರಬಹುದು. ‘ಬೀಳಿಸೋದನ್ನ ಬದಲಾಯಿಸು, ಮನೆ ಸೇರಿಸೋದನ್ನ ಉಳಿಸು’ ಅಂತ ಅವರ ಲೆಕ್ಕ. ಬಿಚ್ಚಿದ ಹಳೇ ಸಾಮಾನೆಲ್ಲಾ ಬಿಸ್ಕತ್ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿದ್ದೀನಿ. ಮುಂದೆ ಯಾರಾದರೂ ಮೂಲ ರೂಪಕ್ಕೆ ತರ್ತೀನಿ ಅಂದ್ರೆ ತರಬಹುದು.

ಮೊದಲ ಸವಾರಿ ಸಂಜೆ ಏಳಕ್ಕೆ. ಕಿಕ್ ಹೊಡೆದದ್ದು ನಾನು, ಹಿಂದೆ ಕೂತದ್ದು ಅಪ್ಪ. ಪಂಜಿನ ಕವಾಯತು ಮೈದಾನದ ಪಕ್ಕದಿಂದ ಹೈವೇ ಸರ್ಕಲ್‌ವರೆಗೆ ಹೋಗಿ ಬಂದ್ವಿ, ಅಷ್ಟೇ. ಬೀದಿದೀಪ ಇಲ್ಲದ ಒಂದು ತಿರುವಲ್ಲಿ ದೀಪ ನೇರವಾಗಿ ರಸ್ತೆಗೆ ಬಿತ್ತು. ನನ್ನ ಹೆಗಲ ಮೇಲಿದ್ದ ಅಪ್ಪನ ಕೈ ಸಡಿಲಾಯ್ತು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಮನೇಲೂ ಹೀಗೆ ಒಂದು ಗಾಡಿ ಟಾರ್ಪಾಲ್ ಕೆಳಗೆ ಇರಬಹುದು. ವಿಡಿಯೋ ನೋಡಿ, ತಪ್ಪೇನಿಲ್ಲ. ಆದರೆ ಮೊದಲ ನಟ್ ಬಿಚ್ಚೋ ಮುಂಚೆ, ಅದನ್ನ ಓಡಿಸಿದವರ ಹತ್ತಿರ ಒಂದು ಅರ್ಧ ಗಂಟೆ ಕೂತ್ಕೊಳ್ಳಿ. ಯಾವ ಡೆಂಟ್ ಎಲ್ಲಾಯ್ತು ಅಂತ ಕೇಳಿ. ಏನು ಉಳಿಸಬೇಕು, ಏನು ಬದಲಾಯಿಸಬೇಕು ಅಂತ ಅವರೇ ಹೇಳ್ತಾರೆ.

ಮುಂದಿನ ವಾರ ಸಿಗೋಣ. ಹೆಲ್ಮೆಟ್ ಮರೀಬೇಡಿ. ನಮಸ್ಕಾರ.